ಜಲ್ಮಯ್ಯನ ಖಾತೆ

ಹೆಸರ ಕೇಳಿದ್ರ ಝಲ್ಮೈ ಅಂದ.
ಎರಡ ಸಲ ಅಂದ, ಮೂರನೇದಕ್ಕ ಬರದ ತೋರಿಸಿದ.
ನನ್ನ ನಾಲಿಗಿ ಅದನ್ನ ತನ್ನ ಅಳತಿಗೆ ಹೊಲಕೊಂತು:
ಜಲ್ಮಯ್ಯ.
ಖಾನಾವಳಿ ಖಾತೆದಾಗ ಹಂಗ ಬರದೆ,
ಮಠದಯ್ಯನ ಕೆಳಗ, ಪೋಸ್ಟಿನ ಪರಪ್ಪನ ಮ್ಯಾಲ.
ಅಡ್ವಾನ್ಸ ಐನೂರ.

ಊರ ಯಾವ್ದಪಾ?
ಕಂದಹಾರ ಅಂದ.
ಪರಪ್ಪ ಪೇಪರಿನಿಂದ ತಲಿ ಎತ್ತಿ
ಒಂದ ಬಾಂಬಿನ ಮಾತ ಬಾಯಿತನಕ ತಂದ.
ಸಾರಿನ ಸೌಟ ಅವನ ತಾಟಿನಾಗ ಜೋರ ಕುಟ್ಟಿದೆ.
ಮಾತ ಅಲ್ಲೇ ನಿಂತು.

ದಾಳಿಂಬ್ರಿಗೆ ಬರೋ ಚುಕ್ಕಿ ರೋಗ ಓದಾಕ ಬಂದಾನಂತ,
ಉದ್ಯಾನಗಿರಿಗೆ, ಎರಡ ವರ್ಷ.
ಅವರಪ್ಪಂದೂ ದಾಳಿಂಬ್ರಿ ತ್ವಾಟಾನ ಅಂತ.
ಇದನ್ನೆಲ್ಲಾ ಸಿನಿಮಾ ಹಿಂದಿಯೊಳಗ ಹೇಳಿದ,
ನಾ ಸಂತಿ ಹಿಂದಿಯೊಳಗ ಕೇಳಿದೆ.
ನಡುವ ಉಳದದ್ದ ಕೈಸನ್ನಿ.

ಮೊದಲ ದಿನ ಕೆಂಪ ಚಟ್ನಿಗೆ ಕಣ್ಣಾಗ ನೀರ ತಂದ,
ಬಿಡಲಿಲ್ಲ, ಉಂಡ.
ರೊಟ್ಟಿ ಬಡಿಯೋ ಸಪ್ಪಳಕ್ಕ ಒಳಗ ಬಂದ
ಬಾಗಲದಾಗ ನಿಂತ, ಬೂಟ ಕೈಯಾಗ ಹಿಡದ.
ಒಂದ ತುಣಕ ನೆಲಕ್ಕ ಬಿತ್ತು.
ಬಗ್ಗಿ ತಗೊಂಡ, ಮುತ್ತ ಕೊಟ್ಟ, ಹಣಿಗೆ ಒತ್ತಿಕೊಂಡ,
ಕಿಡಕಿ ಎತ್ತರಕ್ಕ ಇಟ್ಟ, ಗುಬ್ಬಿಗೆ ಸಿಗೂ ಹಂಗ.
ಹತ್ತೊಂಬತ್ತ ವರ್ಷ ಮಂದಿಗೆ ಬಡದ ಹಾಕೇನಿ.
ಬಿದ್ದ ರೊಟ್ಟಿ ಕಡೆ ಎಷ್ಟ ಮಂದಿ ನೋಡ್ಯಾರ?

ಮೂರನೇ ರಾತ್ರಿ ಉಣ್ಣಾಕ ಬರಲಿಲ್ಲ.
ಹತ್ತಾತು. ಒಲಿ ಆರಿಸೂಣೇನ ಅಂದ್ಳು ಕಲ್ಲವ್ವ.
ಹತ್ತೂವರಿಗೆ ಬಂದ, ಅಂಗಿ ಬೆವರಿಗೆ ಮೈಗೆ ಹತ್ತಿತ್ತು.
ಸೆಕ್ಟರ ನಲವತ್ತೈದ, ಸೆಕ್ಟರ ಐವತ್ನಾಲ್ಕ,
ಅಂಕಿ ತಿರುಮುರುವ ಆಗಿ
ಯಾರದೋ ಮನಿ ಬಾಗಲಾ ಬಡದಿದ್ದ.
ಒಳಗಿಂದ ನಾಯಿ, ನಾಯಿ ಹಿಂದ ಮಾಲಕ.

ಬೈದೆ ನಾ. ಫೋನ ಮಾಡಾಕ ಏನಾಗಿತ್ತ?
ಬೈಕೋತನ ರೊಟ್ಟಿ ಬಿಸಿ ಮಾಡಿದೆ.
ನಾನೂ ಹಂಗ ಬಡದಿದ್ದೆ ಒಂದ ಬಾಗಲಾ
ಈ ನವನಗರಕ್ಕ ಬಂದ ವಾರದಾಗ,
ಚೀಲದಾಗ ಮೆಂತೆ ಪಲ್ಲೆ, ಕಂಕುಳಾಗ ಕೂಸ.
ಕಿಲ್ಲಾ ಓಣಿಯಾಗ ಕಣ್ಣ ಮುಚ್ಚಿ ನಡದ್ರೂ
ಕಾಲಿಗೆ ಗೊತ್ತಿತ್ತ ಎಲ್ಲಿ ಕಲ್ಲ ಸವದೈತಿ,
ಯಾರ ಮನಿ ಮುಂದ ಶೀಗಿಕಾಯಿ ವಾಸನಿ.
ಇಲ್ಲಿ ಬರೇ ನಂಬರ.
ಇದನ್ನ ಹಿಂದಿಯೊಳಗ ಹೇಳಾಕ ನನಗ ಬರಲಿಲ್ಲ.

ಶುಕ್ರವಾರ ಮಧ್ಯಾಹ್ನ ಟೋಪಿ ಹಾಕ್ಕೊಂಡ ಬಂದ,
ಕೈಯಾಗ ಕಾಲೇಜ ತ್ವಾಟದ ಒಂದ ದಾಳಿಂಬ್ರಿ,
ಮೈತುಂಬ ಕರೇ ಚುಕ್ಕಿ.
ನನ್ನ ಈಳಗಿ ಬ್ಯಾಡ ಅಂದ.
ನೆತ್ತಿ ಕಿರೀಟ ಚಾಕುವಿನ ತುದಿಲೆ ತಗದ,
ಏಣಿನ ಗುಂಟ ಗೀರ ಎಳದ,
ಎರಡೂ ಹೆಬ್ಬಟ್ಟಲೆ ಅಗಲಿಸಿದ.
ಆರ ಪಾಲಾತು. ಒಂದ ಕಾಳ ಒಡೀಲಿಲ್ಲ.
ಇಷ್ಟ ವರ್ಷ ದಾಳಿಂಬ್ರಿ ಸೀಮಿಯಾಗ ಇದ್ದು
ನಾ ಹಣ್ಣ ಕೊಲ್ಲತಿದ್ದೆ ಅನಿಸಿತು.
ಪರಪ್ಪ ಕೈ ಚಾಚಿದ. ಅವಂಗೂ ಒಂದ ಪಾಲ ಕೊಟ್ಟ.

ಆಮ್ಯಾಲ ಕೇಳಿದ, ನಿಮ್ಮೂರ ಇದ ಏನ್ರಿ ಅಂತ.
ಮಾಳಗಿ ಮ್ಯಾಲ ಕರಕೊಂಡ ಹೋದೆ.
ಗಿಡದ ಸಾಲಿನಾಚೆ ಹಿನ್ನೀರ ತಗಡಿನಂಗ ಬಿದ್ದಿತ್ತು.
ನೀರಿನ ಕೆಳಗ ಅಂದೆ.
ನಕ್ಕ. ಕೆಳಗ ಅಲ್ಲ, ಬಾಜೂಕ ಅನ್ನಬೇಕ ಅಂತ
ನನ್ನ ಹಿಂದಿ ತಿದ್ದಿದ.
ಕೆಳಗ ಅಂದೆ ಮತ್ತ, ಅಂಗೈ ಮಗಚಿ.
ಮೇ ತಿಂಗಳಿಗೆ ನೀರ ಇಳಿತೈತಿ, ಹೊಸ್ತಲ ಕಾಣತೈತಿ,
ತೋರಸ್ತೀನಿ, ಬಾ.

ಬಾಳೊತ್ತ ಸುಮ್ನ ನಿಂತ.
ಫೋನ ತಗದ ನೀರಿನ ಫೋಟೊ ಹೊಡದ,
ಯಾರಿಗೋ ಹಚ್ಚಿದ.
ಮೋರ್ ಅನ್ನೋ ಒಂದ ಶಬ್ದ ನಾಕ ಸಲ ಬಂತು.
ಮರಾಠಿಯೊಳಗ ಅದು ನವಿಲ. ಅವರಲ್ಲಿ ಏನೋ.
ಆ ದನಿ ಕೇಳಿದ ಮ್ಯಾಲ ಅರ್ಥ ಕೇಳೂದ ಬ್ಯಾಡಾತು.
ಒಣಗಿದ್ದ ಸಂಡಿಗಿ ಬಳಕೊಂಡ ಕೆಳಗ ಇಳದೆ.

ರಾತ್ರಿ ಖಾತೆ ಬರದೆ:
ಜಲ್ಮಯ್ಯ. ರೊಟ್ಟಿ ಮೂರ, ಮೊಸರ ಒಂದ.
ಜಮಾ: ದಾಳಿಂಬ್ರಿ ಒಂದ.