ಸುಣ್ಣ ಹಚ್ಚಿದ ಪಾದ

ಸೆಪ್ಟೆಂಬರ್ ಎಂಟು. ಮರಿಯಮ್ಮ ಹುಟ್ಟಿದ ದಿನ.
ವಿರಾಜಪೇಟೆಯಿಂದ ಅಮ್ಮ ಅಮ್ಮತ್ತಿಗೆ ಬಂದಿದ್ದಾಳೆ,
ಇಗರ್ಜಿಯಲ್ಲಿ ಹರಸಿದ ಹೊಸ ತೆನೆ ನಾಲ್ಕು
ಕರವಸ್ತ್ರದಲ್ಲಿ ಸುತ್ತಿಕೊಂಡು.
ನಮಗೆ ತೆನೆಹಬ್ಬ. ಕುರಿಯಾಕೋಸನಿಗೆ
ಎಂಟು ದಿನದ ನೋಂಪು ಮುಗಿಯುವ ದಿನ.
ಇವತ್ತಾದರೂ ಮೀನು ಎಂದುಕೊಂಡಿದ್ದ, ಪಾಪ,
ನಮ್ಮ ಹಬ್ಬದ ಎಲೆಗೂ ಮೀನಿಲ್ಲ.

ಮಾತು ಶುರುವಾದದ್ದು ಸುವರ್ಣಗೆಡ್ಡೆ ಹೆಚ್ಚುವಾಗ,
ಕೈ ತುರಿಸುವಾಗ.
"ಅನ್ನಮ್ಮನ ಹೊಟ್ಟೆಯಲ್ಲಿ ಮೂಡಿದ ಗಳಿಗೆಯಿಂದಲೇ
ಕಲೆಯಿಲ್ಲದವಳು," ಎಂದಳು ಅಮ್ಮ. "ಅಮಲೋದ್ಭವಿ."
"ನಮ್ಮಲ್ಲಿ ಹಾಗೆ ಹೇಳುವುದಿಲ್ಲ, ಅಮ್ಮಚ್ಚಿ."
"ಯಾಕೆ, ಆಕೆ ಪರಿಶುದ್ಧೆಯಲ್ಲವೆ?"
"ಎಲ್ಲರಿಗಿಂತ ಪರಿಶುದ್ಧೆ. ಹುಟ್ಟಿದ್ದು ಮಾತ್ರ ನಮ್ಮ ಹಾಗೆ."

ಅಮ್ಮನ ವಾದ ನನಗೆ ಬಾಯಿಪಾಠ:
ಮಳೆಗಾಲದ ಕಾಫಿತೋಟ ಈ ಲೋಕ,
ಇಳಿದವರ ಕಾಲಿಗೆಲ್ಲ ಉಂಬಳ.
ಕಚ್ಚಿದ ಮೇಲೆ ಉಪ್ಪು ಹಾಕಿ ಬಿಡಿಸಿದರೆ ಅದು ಬಿಡುಗಡೆ.
ಇಳಿಯುವ ಮೊದಲೇ ಪಾದಕ್ಕೆ
ಸುಣ್ಣ, ಹೊಗೆಸೊಪ್ಪು ತಿಕ್ಕಿ ಕಳಿಸಿದರೆ?
ಅದೂ ಬಿಡುಗಡೆಯೇ, ಇನ್ನೂ ದೊಡ್ಡದು.
ತಿಕ್ಕಿದವನು ಮಗ,
ಇನ್ನೂ ಹುಟ್ಟದ ಮಗ, ತಾಯಿಯ ಪಾದಕ್ಕೆ.

ಕುರಿಯಾಕೋಸ್ ಚೂರಿ ಕೆಳಗಿಟ್ಟ.
"ಆದಾಮ ಬಿಟ್ಟುಹೋದದ್ದು ಒದ್ದೆ ನೆಲ.
ಸಾವು, ಜ್ವರ, ಜಾರುವ ಕಾಲು. ಅವನ ತಪ್ಪನ್ನಲ್ಲ.
ಅಜ್ಜ ಕದ್ದ ಕರಿಮೆಣಸಿಗೆ
ಮೊಮ್ಮಗನನ್ನು ಠಾಣೆಗೆ ಎಳೆಯುತ್ತಾರೆಯೆ?
ಆಕೆ ಅದೇ ನೆಲದಲ್ಲಿ ಬರಿಗಾಲಲ್ಲಿ ನಡೆದಳು.
ಸುಣ್ಣವಿದ್ದಿದ್ದರೆ ಆಕೆ ಹೇಳಿದ 'ಆಗಲಿ'ಗೆ ಬೆಲೆಯೇನು?"

"ಸುಣ್ಣ ಹಚ್ಚಿದವಳೂ ತನ್ನ ಕಾಲಲ್ಲೇ ನಡೆಯಬೇಕಲ್ಲ ಅಳಿಯಂದಿರೇ.
ಮತ್ತೆ ಕೇಳಿ, ಮಗು ಕದ್ದಿದೆ ಎಂದು ನಾವೂ ಹೇಳುವುದಿಲ್ಲ.
ಎಣ್ಣೆಯಿಲ್ಲದ ದೀಪ ಅನ್ನುತ್ತೇವೆ, ಅಷ್ಟೇ."

ಮಗು ಎಂದ ಕೂಡಲೇ
ಇಬ್ಬರೂ ಗೆಡ್ಡೆ ನೋಡತೊಡಗಿದರು.

ಕಕ್ಕಡದ ಮಳೆ. ಅನ್ನಮ್ಮನ ಹಬ್ಬದ ಮರುದಿನ.
ನನ್ನ ಮಗಳು ಬದುಕಿದ್ದು ಎರಡೂಕಾಲು ಗಂಟೆ.
ಮಂಚದ ಪಕ್ಕ ಸ್ಟೀಲು ಲೋಟದಲ್ಲಿ ನೀರಿತ್ತು.
ಪಾದ್ರಿಯೇ ಬರಬೇಕೆಂದಿಲ್ಲ, ಅಂಥ ಹೊತ್ತಿನಲ್ಲಿ
ಯಾರು ಬೇಕಾದರೂ ಸುರಿಯಬಹುದು,
ತಂದೆಯ, ಮಗನ, ಪವಿತ್ರಾತ್ಮನ ಹೆಸರು ಹೇಳಿ.
ಒಂಬತ್ತನೆಯ ವಯಸ್ಸಿಗೇ ಕಲಿತಿದ್ದೆ.
ನನಗೆ ಬಾಯಾರಿತ್ತು.
ಆ ನೀರನ್ನು ನಾನು ಕುಡಿದೆ.

ಪಾದ್ರಿ ಒಳ್ಳೆಯವರು. ದೇವರ ಕರುಣೆಗೆ ಒಪ್ಪಿಸು ಎಂದರು.
ಕತ್ತಲೆಗೂ ಬೆಳಕಿಗೂ ನಡುವಿನ ಆ ಕೋಣೆಯ ಮಾತು
ಈಗ ಯಾರೂ ಕಲಿಸುವುದಿಲ್ಲ. ನನ್ನ ಅಜ್ಜಿ ಕಲಿಸಿದ್ದಳು,
ಅದು ಮೂಳೆಗೆ ಇಳಿದಿದೆ.
"ಏನನ್ನು ತೊಳೆಯಬೇಕಿತ್ತು?" ಅಂದು ರಾತ್ರಿ
ಗೋಡೆಗೆ ಮುಖ ಮಾಡಿ ಕೇಳಿದ್ದ ಕುರಿಯಾಕೋಸ್.
"ಅವಳು ಮಾಡಿದ್ದೇನು? ಉಸಿರಾಡಿದಳು."
ಆ ಮಾತನ್ನು ಎರವಲು ಪಡೆದು ಒಂದು ವಾರ ಮಲಗಿದೆ.
ಎಂಟನೆಯ ರಾತ್ರಿ ಮತ್ತೆ ಲೋಟ ಕಂಡಿತು.

ಹಾಗಾಗಿ ಇವತ್ತು ಕೇಳಿಯೇಬಿಟ್ಟೆ.
"ಅಮ್ಮಾ, ಮೊದಲೇ ಹಚ್ಚಬಹುದು ಎಂದೆಯಲ್ಲ.
ನೀರಿಗಿಂತ ಮೊದಲು, ಹುಟ್ಟುವುದಕ್ಕಿಂತ ಮೊದಲು.
ಹಚ್ಚುವ ಕೈಗೆ ಗಡಿಯಾರವಿಲ್ಲ ಎಂದಾದರೆ
ಅದು ಒಬ್ಬಳ ಪಾದಕ್ಕೇ ನಿಂತಿತೆಂದು
ಯಾರು ನೋಡಿದ್ದಾರೆ?"

ಅಮ್ಮನ ಧರ್ಮೋಪದೇಶದ ಪುಸ್ತಕದಲ್ಲಿ
ಈ ಪ್ರಶ್ನೆಗೆ ಪುಟವಿಲ್ಲ.
ಬೇಳೆ ಉಕ್ಕಿತು. ಒಲೆ ಆರಿಸಿದಳು.
ಸುಣ್ಣವನ್ನೇ ಒಪ್ಪದ ಕುರಿಯಾಕೋಸನೂ
ಅಲ್ಲಗಳೆಯಲಿಲ್ಲ.

ಊಟವಾದ ಮೇಲೆ ಮಳೆ ಸ್ವಲ್ಪ ಹಿಡಿಯಿತು.
ಮೂವರಿಗೆ ತೆನೆ ನಾಲ್ಕು ಯಾಕೆ ಎಂದು ಯಾರೂ ಕೇಳಿರಲಿಲ್ಲ.
ಸ್ಮಶಾನಕ್ಕೆ ತೋಟದೊಳಗಿನ ಕಾಲುದಾರಿ.
ಕುರಿಯಾಕೋಸ್ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು
ಹೊಗೆಸೊಪ್ಪು, ಸುಣ್ಣ ಅಂಗೈಯಲ್ಲಿ ಉಜ್ಜಿ
ನನ್ನ ಹಿಮ್ಮಡಿಗೆ, ಬೆರಳ ಸಂದಿಗೆ ತಿಕ್ಕಿದ,
ಆಮೇಲೆ ಅಮ್ಮನ ಪಾದಕ್ಕೆ.
"ನಿಮಗೆ?"
"ಇರಲಿ," ಎಂದು ಬರಿಗಾಲಲ್ಲಿ ಮುಂದೆ ನಡೆದ.

ಗೇಟು ಮುಟ್ಟುವಷ್ಟರಲ್ಲಿ ಅವನ ಮೀನಖಂಡದಲ್ಲಿ ಎರಡು.
ಅಮ್ಮ ತೆನೆಯನ್ನು ನನ್ನ ಕೈಗೆ ಕೊಟ್ಟು
ಬಿಡಿಸಲು ಬಗ್ಗಿದಳು.