ಗಾಲಿ ಹಿಡಿದವಳು

ಎಡಗೈಯಲ್ಲೊಂದು ಗಾಲಿ, ಬಲಗೈಯಲ್ಲೊಂದು.
ಬೆಳಿಗ್ಗೆ ಹತ್ತರಿಂದ ಈ ಬದುವಿನ ಮೇಲೆ ನಿಂತಿದ್ದೇನೆ
ಕೊಳ್ಳುವವರಿಲ್ಲದ ಊರಲ್ಲಿ ಗಾಲಿ ಮಾರುವವಳ ಹಾಗೆ.
ಹಿಂದೆ ಹೊಲ; ಸಕ್ಕರೆಗೆಡ್ಡೆಗೆ ಈಗಷ್ಟೇ ಎರಡೆಲೆ.
'ನಮ್ಮ ಹಸಿರಂಗಿ ಕೈ ಎತ್ತಿದರೆ ಕೊಡು, ಜುಲ್ಮಾ,
ಬೇರೆ ಬಣ್ಣ ದಮ್ಮಯ್ಯ ಅಂದರೂ ಇಲ್ಲ.'
ಹೂಂ ಅಂದೆ. ಹತ್ತು ಏಪ್ರಿಲ್‌ಗಳಿಂದ ಹೂಂ ಅನ್ನುತ್ತಿದ್ದೇನೆ.
ಒಬ್ಬನೂ ಕೈ ಎತ್ತಿಲ್ಲ.

ಈ ಕಲ್ಲುಗಳು ನನಗೆ ಗೊತ್ತು.
ಫೆಬ್ರವರಿಯ ಶನಿವಾರ ನಾವು ಏಳೆಂಟು ಮಂದಿ,
ನಿವೃತ್ತ ಅಂಚೆಯವ, ಒಬ್ಬ ಹಲ್ಲಿನ ಡಾಕ್ಟರು,
ಸಕ್ಕರೆ ಕಾರ್ಖಾನೆಯಲ್ಲಿ ಚೀಲ ಹೊಲಿದ ನಾನು,
ಮಂಡಿಗೆ ಗೋಣಿ ಕಟ್ಟಿ, ಅಲುಗಿದ್ದನ್ನು ಕಿತ್ತು
ಮರಳು ಹಾಸಿ ಮತ್ತೆ ಕೂರಿಸುತ್ತೇವೆ.
'ಬಾಯಿ ತೆಗೀರಿ' ಅನ್ನುತ್ತಾನೆ ಡಾಕ್ಟರು ಪ್ರತಿ ಕಲ್ಲಿಗೂ.
ಯಾರೂ ನಗುವುದಿಲ್ಲ; ಅನ್ನದಿದ್ದರೆ ಕೆಲಸ ಸಾಗುವುದಿಲ್ಲ.
ಸರಿ ಮಾಡುತ್ತೇವೆ, ತೀರಾ ಸರಿ ಮಾಡುವುದಿಲ್ಲ.
ರಸಮಟ್ಟ ತಂದ ಹೊಸಬನನ್ನು ಅಂಚೆಯವ
ಉಪಾಯವಾಗಿ ಕಾಫಿ ತರಲು ಕಳಿಸಿಬಿಟ್ಟ.

ಕೂಗಳತೆಯಲ್ಲೇ ಡಾಂಬರು ಇದೆ,
ಎಣ್ಣೆ ಹಚ್ಚಿ ತಲೆ ಬಾಚಿಕೊಂಡಂಥದ್ದು.
ಲಾರಿಗಳು ಅದರ ಮೇಲೆ ತೂಕಡಿಸಿಕೊಂಡು ಹೋಗುತ್ತವೆ.
'ಮತ್ತೆ ಯಾಕೆ ಇದೇ ಬೇಕು ಅವರಿಗೆ?'
ಅಣ್ಣನ ಮೊಮ್ಮಗಳು ಕೇಳಿದ್ದಳು.
ಮೂಗು ಒರೆಸಿಕೊಂಡೆ. ಹೇಳಲು ಬರಲಿಲ್ಲ.

ಮೊದಲು ಹೆಲಿಕಾಪ್ಟರು.
ಆಮೇಲೆ ಧೂಳು.
ಧೂಳಿನ ಹೊಟ್ಟೆಯೊಳಗಿಂದ ಆ ಸದ್ದು:
ನೂರು ಡಬ್ಬಗಳಲ್ಲಿ ಒಣಬಟಾಣಿ ಕುಲುಕಿದ ಹಾಗೆ.
ಬಂದರು.
ಮುಂದಿನ ಗಾಲಿ ಏರಿಗೆಳೆದರೆ ಹಿಂದಿನದು ನೀರಿಗೆ,
ನಡುವೆ ಒಬ್ಬೊಬ್ಬ ಮನುಷ್ಯ
ಹಲ್ಲಿಗೆ ಹಲ್ಲು ತಾಗದಂತೆ ಬಾಯಿ ತೆರೆದು,
ಹಿಡಿದೂ ಹಿಡಿಯದಂತೆ ಹ್ಯಾಂಡಲ್ ಹಿಡಿದು.
ಬಿಗಿದರೆ ಕಲ್ಲು ಗೆಲ್ಲುತ್ತದೆ,
ಬಿಟ್ಟರೆ ಚರಂಡಿ.
ಗುಬ್ಬಿಮರಿಯನ್ನು ಅಂಗೈಯಲ್ಲಿಟ್ಟುಕೊಂಡ ಹಾಗೆ,
ಗಂಟೆಗೆ ನಲವತ್ತೈದು ಕಿಲೋಮೀಟರಿನಲ್ಲಿ.
ಕೆನ್ನೆಯ ಮಾಂಸ ಎಲುಬಿನ ಮಾತು ಕೇಳದೆ ಕುಣಿಯುತ್ತಿತ್ತು.
ನನ್ನ ಕಲ್ಲಿನ ಮೇಲೂ ಹೋದರು,
ಕಂಬದಿಂದ ಒಂಬತ್ತನೆಯದು, ಸ್ವಲ್ಪ ನೀಲಿ.
ಅಲುಗಲಿಲ್ಲ ಅದು.

ತೊಂಬತ್ತು ಸೆಕೆಂಡು. ಅಷ್ಟೇ.
ನಾಲಗೆಯ ಮೇಲೆ ಹೊಲ.

ಜನ ಕುರ್ಚಿ ಮಡಚಿದ್ದರು. ಇನ್ನೊಬ್ಬ ಬಂದ,
ಬಿಳಿಯಂಗಿ ಇದ್ದಿರಬೇಕು,
ಹಿಂದಿನ ಟೈರು ಚಪ್ಪಟೆ, ರಿಮ್ಮಿನ ಮೇಲೇ ಕಟಕಟ.
ಕೈ ಎತ್ತಲಿಲ್ಲ. ಬೆರಳು ಬಿಚ್ಚುತ್ತಿರಲಿಲ್ಲ.
ಬ್ರಿಟನಿಯ ಹುಡುಗ; ಗ್ವೆನೋಲೆ ಅಂತ ಚೌಕಟ್ಟಿನ ಮೇಲೆ.
'ನೀನು ಮುಟ್ಟುವಷ್ಟರಲ್ಲಿ ಗೇಟು ಹಾಕಿರುತ್ತಾರೆ ಮಗಾ.'
'ಗೊತ್ತು. ಇನ್ನೂ ಎಷ್ಟು ಕಡೆ ಕಲ್ಲು?'
'ಐದು.'
ನಕ್ಕ. ಆಣೆಗೂ ನಕ್ಕ,
ಒಡೆದ ತುಟಿಯಲ್ಲಿ ರಕ್ತ ಬಂತು,
ಹಬ್ಬದೆಲೆಗೆ ಇನ್ನೂ ಐದು ಬಗೆ ಬಡಿಸುವುದಿದೆ
ಎಂದು ಯಾರೋ ಹೇಳಿದ ಹಾಗೆ.

ಗಾಲಿ ಕೊಟ್ಟೆ. ನಾನೇ ತೊಡಿಸಿದೆ.
ಹಸಿರಿನವರು ಏನಾದರೂ ಅಂದುಕೊಳ್ಳಲಿ.
ಬೆನ್ನಿಗೊಂದು ನೂಕು ಕೊಟ್ಟು ನೋಡುತ್ತ ನಿಂತೆ.
ಕವಲಿನಲ್ಲಿ ಡಾಂಬರಿಗೆ ತಿರುಗಬಹುದಿತ್ತು,
ಕ್ಯಾಮೆರಾ ಇಲ್ಲ, ಪೊಲೀಸರಿಲ್ಲ, ನಾಯಿಯೂ ಇಲ್ಲ.
ಕಟಕಟ ದೂರವಾಯಿತು. ತಿರುಗಲಿಲ್ಲ.

ಉಳಿದ ಗಾಲಿಯನ್ನು ಹೆಗಲಿಗೆ ಹಾಕಿಕೊಂಡು
ನನ್ನ ಬುಟ್ಟಿ ಸೈಕಲ್ ಹತ್ತಿದೆ.
ಅರವತ್ತೇಳು ನನಗೆ. ಒಂದು ಮಂಡಿ ಉಕ್ಕಿನದು.
ಮನೆಗೆ ಡಾಂಬರಿನಲ್ಲೇ ಹತ್ತಿರ.
ಕವಲಿನಲ್ಲಿ ಇಳಿದು ಬುಟ್ಟಿ ನೋಡಿದೆ:
ಬೇಯಿಸಿದ ಮೊಟ್ಟೆಯೊಂದು ಉಳಿದಿತ್ತು,
ಪುಡಿಯಾದೀತೆಂದು ಅಲ್ಲೇ ನಿಂತು ತಿಂದೆ.
ಉಪ್ಪು ಇರಲಿಲ್ಲ.
ಆಮೇಲೆ, ಹಲ್ಲು ತಾಗದಂತೆ ಬಾಯಿ ತೆರೆದು,
ಕಲ್ಲಿಗಿಳಿದೆ.