ಮೂಗು

ರಾತ್ರಿ ಎರಡಕ್ಕೆ ಯಾರು ಬೆಳ್ಳುಳ್ಳಿ ಹುರಿಯುತ್ತಾರೆ
ಅಂತ ಕೇಳಿದವನು ತಿಲ್ ಬಹಾದೂರ್.
ಶಾರ್ಜಾದ ರೋಲಾ, ನಾಲ್ಕನೇ ಮಹಡಿ,
ಒಂದು ಕೋಣೆ, ಮೂರು ಮಂಚದ ಮೇಲೆ ಮೂರು ಮಂಚ.
ನನ್ನದು ಏಸಿ ಕಿಂಡಿಯ ಪಕ್ಕ.
ಗಾಳಿ ಬರುತ್ತದೆಂದು ಐವತ್ತು ದಿರ್ಹಂ ಜಾಸ್ತಿ.

ನನಗೆ ಏನೂ ಬರಲಿಲ್ಲ.
ಸಜಾದ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ
ಕಾರುಗಳಿಗೆ ಬಣ್ಣ ಊದಿದ ಮೂಗು ಇದು.
ಮಾಸ್ಕು ಗೋಡೆಯ ಪೆಟ್ಟಿಗೆಯಲ್ಲಿತ್ತು;
ತಪಾಸಣೆಯವರು ಬಂದ ದಿನ ಮುಖಕ್ಕೆ ಬರುತ್ತಿತ್ತು,
ಉಳಿದ ದಿನ ಹಳೇ ಬನಿಯನ್ ತುಂಡು.
ಥಿನ್ನರಿನಲ್ಲಿ ಕೈ ತೊಳೆದು
ಅದೇ ಕೈಯಲ್ಲಿ ಖುಬೂಸ್ ಮುರಿದಿದ್ದೇವೆ.
ಮೊದಮೊದಲು ತಲೆ ಗಿರ್ರೆನ್ನುತ್ತಿತ್ತು,
ಸಂಜೆ ಹೊತ್ತಿಗೆ ಒಂಥರಾ ಖುಷಿ,
ಬರಬರುತ್ತಾ ಅದೂ ಇಲ್ಲ.
‘ಒಗ್ಗಿತಲ್ಲ’ ಅಂದ ಫೋರ್‌ಮ್ಯಾನ್, ಬೆನ್ನು ತಟ್ಟಿ.
ನಾನೂ ನಕ್ಕೆ: ಆರು ಜೊತೆ ಬೂಟಿನ ಕೋಣೆಯಲ್ಲಿ
ಮೂಗಿಲ್ಲದವನೇ ಗೌಡ.

ಮೇಲಿನ ಮಂಚದಿಂದ ಹಮ್ಮಬ್ಬ ಅಂದ,
ಬೆಳ್ಳುಳ್ಳಿ ಅಲ್ಲ ಮಾರಾಯ, ಒಣಮೀನು,
ಅದೂ ಕೆಟ್ಟದ್ದು.
ಇಬ್ಬರೂ ಅಡುಗೆಯ ಮೇಲೆ ವಾದಕ್ಕೆ ಕೂತರು,
ಐದು ನಿಮಿಷ, ಹೆಚ್ಚೆಂದರೆ ಆರು.
ನಾನು ಮಗ್ಗುಲು ಬದಲಿಸಿ, ಮಲಗ್ರೋ ಅಂದೆ.

ಗೋಡೆಯಾಚೆ ಮಗು ಕೆಮ್ಮಿತು.
ಆಮೇಲೆ ತಾಯಿ.
ಆಮೇಲೆ ಏನೋ ಬಿದ್ದ ಸದ್ದು.

ಲುಂಗಿಯಲ್ಲೇ ಇಳಿದೆವು, ಇಡೀ ಕಟ್ಟಡ.
ಫುಟ್‌ಪಾತಿನ ಕಲ್ಲು ಆ ಹೊತ್ತಿಗೂ ಬಿಸಿ.
ಹಮ್ಮಬ್ಬ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ,
ಅವನ ಬೆನ್ನೆಲ್ಲ ವಾಂತಿ.
ಅದರ ವಾಸನೆಯೂ ನನಗೆ ಬರಲಿಲ್ಲ.

ಗೊತ್ತಾದದ್ದು ಇಷ್ಟು:
ನಾನೂರ ಮೂರರವನು ತಿಗಣೆಗೆ ಗುಳಿಗೆ ಇಟ್ಟಿದ್ದ.
ಗೋದಾಮಿನ ಗೋಧಿಗೆ ಇಡುವಂಥದ್ದು,
ಹೆಸರಿಲ್ಲದ ಡಬ್ಬಿ, ಯಾರದೋ ಕೈಯಿಂದ, ಹದಿನೈದು ದಿರ್ಹಂ.
ಬಾಗಿಲ ಸಂದಿಗೆ ಟೇಪು ಹಚ್ಚಿ
ಅಜ್ಮಾನಿಗೆ, ಭಾವನ ಮನೆಗೆ ಹೋಗಿದ್ದ.
ಒಳ್ಳೆಯವನೇ. ಎಲ್ಲರಿಗೂ ಸಲಾಂ ಹೇಳುತ್ತಿದ್ದ.
ಕಿಂಡಿಗೆ ಟೇಪು ಹಚ್ಚಬೇಕೆಂದು ಅವನಿಗೆ ಹೊಳೆದಿರಲಿಲ್ಲ.

ಹತ್ತನೇ ದಿನ ಅಪ್ಪ ಮಗುವನ್ನೆತ್ತಿಕೊಂಡು ಬಂದ.
ಲಿಫ್ಟಿನಿಂದ ಇಬ್ಬರೇ ಇಳಿದರು.
ಬಾಗಿಲ ಬಳಿ ಆಕೆಯ ಚಪ್ಪಲಿ ಹಾಗೇ ಇತ್ತು;
ನಾವು ಯಾರೂ ಸರಿಸಿರಲಿಲ್ಲ.

ತಿಗಣೆಗಳು ಮುಂದಿನ ವಾರವೇ ವಾಪಸು.

ಈಗ ಮಲಗುವ ಮುಂಚೆ ದಿನಾ
ತಿಲ್ ಬಹಾದೂರನನ್ನು ಕಿಂಡಿಯ ಬಳಿ ನಿಲ್ಲಿಸುತ್ತೇನೆ.
ಕಣ್ಣು ಮುಚ್ಚಿ ಮೂಸುತ್ತಾನೆ, ಪಾಪ, ಶ್ರದ್ಧೆಯಿಂದ.
ಏನೂ ಇಲ್ಲ ದಾಜು, ಮಲಗು ಅನ್ನುತ್ತಾನೆ.

ಅವನು ನಮ್ಮ ಗ್ಯಾರೇಜಿಗೆ ಸೇರಿ
ಈಗ ಎಂಟು ತಿಂಗಳು.